ಫ್ರಾಂಕ್ ವೈಲ್ಡ್ ಮತ್ತು ಎಲಿಫೆಂಟ್ ದ್ವೀಪದ ಕಲ್ಲುತಡಿ

ದಕ್ಷಿಣ ಶೆಟ್ಲೆಂಡ್ ದ್ವೀಪಸ್ತೋಮದ ಎಲಿಫೆಂಟ್ ದ್ವೀಪವು ಬಹುಮಟ್ಟಿಗೆ ಹಿಮನದಿ ಹಾಗೂ ಕಡಿದಾದ ಬಂಡೆಗಳ ನೆಲ. ಅದರ ಉತ್ತರ ಕರಾವಳಿಯಲ್ಲಿ ಹಿಮನದಿ ಮುಚ್ಚದ ಕಿರಿದಾದೊಂದು ಕಲ್ಲಿನ ಚಾಚು ಸಮುದ್ರದೊಳಕ್ಕೆ ಹರಿದಿದೆ. ಭೂಪಟದಲ್ಲಿ ಅದರ ಹೆಸರು ಪಾಯಿಂಟ್ ವೈಲ್ಡ್.

ಫ್ರಾಂಕ್ ವೈಲ್ಡ್ 1873ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಜನಿಸಿದನು. ಎಳವೆಯಲ್ಲಿಯೇ ಹಡಗು ಸೇರಿದ ಅವನು ಸ್ಕಾಟ್, ಷ್ಯಾಕಲ್ಟನ್, ಮಾಸನ್ ಮೂವರ ಅಂಟಾರ್ಕ್ಟಿಕ್ ಯಾತ್ರೆಗಳಲ್ಲಿಯೂ ದುಡಿದನು. 1914ರಲ್ಲಿ ಎಂಡ್ಯೂರೆನ್ಸ್ ಯಾತ್ರೆಗೆ ಷ್ಯಾಕಲ್ಟನ್ನನ ಉಪನಾಯಕನಾದನು. ಮರುವರ್ಷ ಹಡಗು ಮಂಜುಗಡ್ಡೆಯ ಒತ್ತಡಕ್ಕೆ ನುಚ್ಚುನೂರಾಗಿ ಮುಳುಗಿತು. 28 ಮಂದಿ ಮೂರು ದೋಣಿಗಳಲ್ಲಿ 1916ರ ಏಪ್ರಿಲ್ 15ರಂದು ಆ ದ್ವೀಪದ ಪೂರ್ವ ತುದಿಯಾದ ಕೇಪ್ ವ್ಯಾಲೆಂಟೈನ್ ಸೇರಿದರು.

ಅಲ್ಲಿ ನಿಲ್ಲುವಂತಿರಲಿಲ್ಲ. ಉಬ್ಬರದ ಗುರುತುಗಳು ಬಂಡೆಯ ಬುಡದವರೆಗೂ ಇದ್ದವು; ದೊಡ್ಡ ಬಿರುಗಾಳಿಯೊಂದು ಎದ್ದರೆ ತಡಿಯೇ ನೀರುಪಾಲಾಗುತ್ತಿತ್ತು. ವೈಲ್ಡ್ ನಾಲ್ವರೊಡನೆ ದೋಣಿಯಲ್ಲಿ ಕರಾವಳಿ ಅರಸುತ್ತ ಹೊರಟು, ಪಶ್ಚಿಮಕ್ಕೆ ಸುಮಾರು 11 ಕಿಲೋಮೀಟರ್ ದೂರದಲ್ಲಿ ಈ ಚಾಚನ್ನು ಕಂಡುಕೊಂಡನು. ಬೆನ್ನಿಗೆ ಏರಲಾಗದ ಬಂಡೆ, ಪಕ್ಕದಲ್ಲಿ ಹಿಮನದಿ, ಕಾಲಡಿಯಲ್ಲಿ ಜಲ್ಲಿ ಮತ್ತು ಉರುಟುಕಲ್ಲು. ಉತ್ತಮ ತಾಣವೇನಲ್ಲ, ಆದರೆ ಅಲೆಗೆ ನಿಲುಕದಷ್ಟು ಎತ್ತರವಿತ್ತು, ಆಹಾರಕ್ಕೆ ಪೆಂಗ್ವಿನ್ ಹಾಗೂ ಸೀಲ್‌ಗಳಿದ್ದವು.

ಏಪ್ರಿಲ್ 24ರಂದು ಷ್ಯಾಕಲ್ಟನ್ ಐವರೊಡನೆ ನೆರವು ತರಲು ಸೌತ್ ಜಾರ್ಜಿಯಕ್ಕೆ ಹೊರಟನು. ಉಳಿದ 21 ಮಂದಿಯ ಹೊಣೆ ವೈಲ್ಡ್‌ನ ಪಾಲಿಗೆ ಬಂತು. ಮೊದಲು ತೋಡಿದ ಹಿಮಗುಹೆ ಮೈಬಿಸಿಗೆ ಕರಗಿ ಸೋರಿತು. ಆಗ ಕಲ್ಲುಗೋಡೆ ಕಟ್ಟಿ, ಅದರ ಮೇಲೆ ಎರಡು ದೋಣಿಗಳನ್ನು ಕವುಚಿ ಗುಡಿಸಲು ಮಾಡಿದರು. ಸೀಲ್ ಕೊಬ್ಬೇ ಒಲೆಗೂ ದೀಪಕ್ಕೂ ಇಂಧನ. ಅದೇ ಗುಡಿಸಲಿನಲ್ಲಿ ವೈದ್ಯರು ಯುವ ನಾವಿಕ ಬ್ಲಾಕ್‌ಬರೋನ ಹಿಮಗಚ್ಚಿದ ಕಾಲ್ಬೆರಳುಗಳನ್ನು ಕತ್ತರಿಸಿದರು.

ಹಿಮನದಿಯಿಂದ ಕಳಚಿಬೀಳುವ ಗಡ್ಡೆಗಳು ಆಗಾಗ ದೊಡ್ಡ ಅಲೆಗಳನ್ನೆಬ್ಬಿಸುತ್ತಿದ್ದವು. ಕೊಲ್ಲಿಯಲ್ಲಿ ತೇಲುವ ಮಂಜುಚೂರುಗಳು ಅವುಗಳ ರಭಸವನ್ನು ತಗ್ಗಿಸಿ ಗುಡಿಸಲನ್ನು ಉಳಿಸಿದವು. ಹೊರಗಡಲನ್ನು ಮುಚ್ಚಿದ ಮಂಜಾದರೋ ಷ್ಯಾಕಲ್ಟನ್ನನ ಮೂರು ಪ್ರಯತ್ನಗಳನ್ನು ಹಿಮ್ಮೆಟ್ಟಿಸಿತು.

ಮುಖ್ಯಸ್ಥನು ಈ ದಿನವೇ ಬರಬಹುದೆಂದು ವೈಲ್ಡ್ ಬೆಳಗಾದರೆ ಎಲ್ಲರಿಂದಲೂ ಹಾಸಿಗೆ ಸುತ್ತಿಸುತ್ತಿದ್ದನು. ಬಹುಕಾಲಕ್ಕಾಗುವಷ್ಟು ಮಾಂಸ ಕೂಡಿಡುವುದಕ್ಕೂ ಅವನು ಒಪ್ಪಲಿಲ್ಲ. ಹಾಗೆ ಮಾಡಿದರೆ ಜನ ಆಸೆ ಬಿಡುವರೆಂಬ ಅಳುಕು ಅವನಿಗೆ. ಇದು ವಿವೇಕವೋ ದುಡುಕೋ, ಚರ್ಚಿಸಬೇಕಾದ ಮಾತು. ಏಕೆಂದರೆ ಆಗಸ್ಟ್ ಕೊನೆಯ ಹೊತ್ತಿಗೆ ಅವರು ಹಳೆಯ ಸೀಲ್ ಎಲುಬುಗಳನ್ನು ಕಡಲಪಾಚಿಯೊಡನೆ ಬೇಯಿಸಿ ತಿನ್ನುವಂತಾಗಿತ್ತು. ಆಗಸ್ಟ್ 30ರಂದು ಮಂಜು ಸರಿದು, ಲೂಯಿಸ್ ಪಾರ್ಡೊ ನಡೆಸುತ್ತಿದ್ದ ಚಿಲಿಯ ಯೆಲ್ಚೋ ಹಡಗು ತಡಿಯ ಸಮೀಪಕ್ಕೆ ಬಂದಿತು. 22 ಮಂದಿಯೂ ಜೀವಂತವಾಗಿದ್ದರು.

ವೈಲ್ಡ್‌ನ ಕೊನೆಯ ವರ್ಷಗಳು ದಕ್ಷಿಣ ಆಫ್ರಿಕದಲ್ಲಿ ಕಳೆದವು. ಹತ್ತಿ ಬೇಸಾಯ ಕೈಕೊಟ್ಟಿತು. 1939ರಲ್ಲಿ ಅವನು ತೀರಿಕೊಂಡನು. ಜೊಹಾನ್ಸ್‌ಬರ್ಗ್‌ನಲ್ಲಿ ದಶಕಗಳ ಕಾಲ ಮರೆತುಹೋಗಿದ್ದ ಅವನ ಚಿತಾಭಸ್ಮವನ್ನು 2011ರಲ್ಲಿ ಸೌತ್ ಜಾರ್ಜಿಯದ ಗ್ರಿಟ್ವಿಕೆನ್‌ಗೆ ಒಯ್ದು ಷ್ಯಾಕಲ್ಟನ್ನನ ಬಲಬದಿಯಲ್ಲಿ ಹೂಳಿದರು. ಪಾಯಿಂಟ್ ವೈಲ್ಡ್‌ನಲ್ಲಿ ಇಂದು ನಿಂತಿರುವ ಪ್ರತಿಮೆ ಪಾರ್ಡೊನದು.