ಜ್ಯಾಕ್ ಬ್ರೌಟನ್

ಜಾನ್ ಬ್ರೌಟನ್ (ಜನನ: ಸುಮಾರು 1703, ನಿಧನ: 8 ಜನವರಿ 1789) 18ನೆಯ ಶತಮಾನದ ಇಂಗ್ಲೆಂಡಿನ ಮುಷ್ಟಿಮಲ್ಲರು. ಜ್ಯಾಕ್ ಬ್ರೌಟನ್ ಎಂಬ ಹೆಸರಿನಿಂದಲೇ ಇವರು ಹೆಚ್ಚು ಪರಿಚಿತರು. ಬರಿಗೈ ಮುಷ್ಟಿಕಾಳಗಕ್ಕೆ ಮೊದಲ ಲಿಖಿತ ನಿಯಮಾವಳಿಯು 1743ರಲ್ಲಿ ಇವರ ಹೆಸರಿನಲ್ಲಿಯೇ ಜಾರಿಗೆ ಬಂದಿತು. ಕೈಗೆ ಮೆತ್ತನೆಯ ಗವಸು ತೊಟ್ಟು ಅಭ್ಯಾಸ ಮಾಡುವ ಪದ್ಧತಿಯನ್ನು ಬಳಕೆಗೆ ತಂದ ಕೀರ್ತಿಯೂ ಇವರಿಗೆ ಸಲ್ಲುತ್ತದೆ. ಶ್ರೀಮಂತರ ಚಂದಾಹಣದ ನೆರವಿನಿಂದ ಇವರು ಲಂಡನ್ನಿನಲ್ಲಿ ತೆರೆದ ಕ್ರೀಡಾಮಂದಿರವು ಏಳು ವರ್ಷ ಮಾತ್ರ ನಡೆಯಿತು. ಮುಖ್ಯ ಪೋಷಕನ ಕೃಪೆ ತಪ್ಪಿದೊಡನೆ ಅದು ಮುಚ್ಚಿಹೋಯಿತು. ಕಾನೂನಿನ ಮಾನ್ಯತೆಯಿಲ್ಲದೆ ಪೋಷಕರ ಹಣವನ್ನೇ ನಂಬಿದ್ದ ಕ್ರೀಡೆಯೊಂದರ ಏಳುಬೀಳುಗಳು ಇವರ ಜೀವನದಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಆರಂಭಿಕ ಜೀವನ

ಬ್ರೌಟನ್ ಅವರ ಬಾಲ್ಯದ ಕುರಿತು ದೊರೆಯುವ ವಿವರಗಳು ಅಲ್ಪ. ಯೌವನದಲ್ಲಿ ಇವರು ಲಂಡನ್ನಿನ ಥೇಮ್ಸ್ ನದಿಯಲ್ಲಿ ಪ್ರಯಾಣಿಕರನ್ನು ದಾಟಿಸುವ ದೋಣಿಗಾರರಾಗಿದ್ದರು. ನದಿಗೆ ಸೇತುವೆಗಳು ವಿರಳವಾಗಿದ್ದ ಆ ಕಾಲದಲ್ಲಿ ದೋಣಿಗಾರರ ಸಂಖ್ಯೆ ದೊಡ್ಡದಾಗಿತ್ತು. ದಿನವಿಡೀ ಹುಟ್ಟು ಹಾಕುವ ದುಡಿಮೆಯಿಂದ ಇವರ ತೋಳು ಮತ್ತು ಭುಜಗಳು ಬಲಿತವು. ಹೊಸದಾಗಿ ವೃತ್ತಿಗೆ ಸೇರಿದ ದೋಣಿಗಾರರಿಗಾಗಿ ಥಾಮಸ್ ಡಾಗೆಟ್ ಎಂಬ ನಟನು 1715ರಲ್ಲಿ ಆರಂಭಿಸಿದ್ದ ಸ್ಪರ್ಧೆಯಲ್ಲಿ ಬ್ರೌಟನ್ 1730ರಲ್ಲಿ ಜಯಗಳಿಸಿದರು. ಮೇಲಂಗಿ ಮತ್ತು ಬೆಳ್ಳಿಯ ಬಿಲ್ಲೆಯನ್ನು ಬಹುಮಾನವಾಗಿ ನೀಡುವ ಈ ಸ್ಪರ್ಧೆ ಇಂದಿಗೂ ನಡೆಯುತ್ತಿದೆ. ಶಿಲ್ಪಿ ಮೈಕೆಲ್ ರಿಸ್‌ಬ್ರ್ಯಾಕ್ ಕಡೆದ ಹರ್ಕ್ಯುಲಿಸ್ ಪ್ರತಿಮೆಗೆ ಬ್ರೌಟನ್ ಅವರ ಮೈಕಟ್ಟು ಮಾದರಿಯಾಗಿತ್ತೆಂದು ಹೇಳಲಾಗುತ್ತದೆ. ಈ ಪ್ರತಿಮೆಯು ಇಂಗ್ಲೆಂಡಿನ ಸ್ಟೌರ್‌ಹೆಡ್‌ನಲ್ಲಿದೆ.

ಅಂದಿನ ಮುಷ್ಟಿಕಾಳಗ

ಜೇಮ್ಸ್ ಫಿಗ್ ಎಂಬ ಕತ್ತಿವರಸೆಗಾರನು 1719ರ ಸುಮಾರಿಗೆ ಲಂಡನ್ನಿನಲ್ಲಿ ಪ್ರದರ್ಶನ ಮಂದಿರವೊಂದನ್ನು ತೆರೆದು, ಕತ್ತಿ ಮತ್ತು ದೊಣ್ಣೆಯ ವರಸೆಗಳ ಜೊತೆಗೆ ಮುಷ್ಟಿಕಾಳಗವನ್ನೂ ಜನಪ್ರಿಯಗೊಳಿಸಿದ್ದನು. ಅವನು 1734ರಲ್ಲಿ ತೀರಿಕೊಂಡ ಬಳಿಕ ಜಾರ್ಜ್ ಟೇಲರ್ ನಡೆಸುತ್ತಿದ್ದ ಕಣವು ಪ್ರಸಿದ್ಧವಾಯಿತು. ಬ್ರೌಟನ್ ಹೆಸರು ಗಳಿಸಿದ್ದು ಈ ಕಣದಲ್ಲಿ.

ಈ ಕಾಳಗಗಳಿಗೆ ಸರ್ಕಾರದ ಅನುಮತಿಯಾಗಲಿ ಮೇಲ್ವಿಚಾರಣೆಯಾಗಲಿ ಇರಲಿಲ್ಲ. ಪ್ರವೇಶ ಶುಲ್ಕ, ಪೋಷಕರು ಒಡ್ಡುತ್ತಿದ್ದ ಪಣ ಮತ್ತು ನೋಡುಗರು ವೇದಿಕೆಯತ್ತ ಎಸೆಯುತ್ತಿದ್ದ ನಾಣ್ಯಗಳು ಮಲ್ಲರ ಆದಾಯವಾಗಿದ್ದವು. ಪಂದ್ಯದ ಸುತ್ತ ಭಾರಿ ಜೂಜು ನಡೆಯುತ್ತಿತ್ತು. ಮುಷ್ಟಿಯ ಹೊಡೆತದೊಡನೆ ಕುಸ್ತಿಯ ಪಟ್ಟುಗಳೂ ಬಳಕೆಯಲ್ಲಿದ್ದವು. ಕೆಳಗೆ ಬಿದ್ದವನನ್ನು ಹೊಡೆಯಬಹುದೇ, ಅವನು ಸೋತನೆಂದು ಯಾವಾಗ ತೀರ್ಮಾನಿಸಬೇಕು, ಹಣವನ್ನು ಹೇಗೆ ಹಂಚಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಲಿಖಿತ ಕಟ್ಟಳೆ ಇರಲಿಲ್ಲ. ಆದ್ದರಿಂದ ಪಂದ್ಯ ಮುಗಿದ ಮೇಲೆ ತಕರಾರುಗಳು ಸಾಮಾನ್ಯವಾಗಿದ್ದವು.

ಸ್ಟೀವನ್‌ಸನ್ ಜೊತೆಗಿನ ಕಾಳಗ

1741ರಲ್ಲಿ ಬ್ರೌಟನ್, ಸಾರೋಟು ಓಡಿಸುವ ವೃತ್ತಿಯ ಜಾರ್ಜ್ ಸ್ಟೀವನ್‌ಸನ್ ಎಂಬುವರೊಡನೆ ಸೆಣಸಿದರು. ಸುಮಾರು 40 ನಿಮಿಷಗಳ ಕಾಲ ನಡೆದ ಈ ಕಾಳಗದಲ್ಲಿ ಬ್ರೌಟನ್ ಗೆದ್ದರು. ಸಾಮಾನ್ಯವಾಗಿ ಪ್ರಚಲಿತವಿರುವ ಕಥನದಂತೆ, ತೀವ್ರವಾಗಿ ಗಾಯಗೊಂಡ ಸ್ಟೀವನ್‌ಸನ್ ಕೆಲಕಾಲದ ನಂತರ ಮೃತಪಟ್ಟರು. ಈ ಸಾವಿನಿಂದ ನೊಂದ ಬ್ರೌಟನ್ ನಿಯಮಗಳನ್ನು ರೂಪಿಸಲು ಮುಂದಾದರೆಂದು ಕ್ರೀಡಾ ಇತಿಹಾಸದ ಅನೇಕ ಗ್ರಂಥಗಳು ಹೇಳುತ್ತವೆ. ಆದರೆ ನಿಯಮಗಳ ಒಕ್ಕಣೆಯನ್ನು ಗಮನಿಸಿದರೆ, ಪಣದ ಹಣ ಕುರಿತ ವಿವಾದಗಳನ್ನು ತಡೆಯುವುದೂ ಅವುಗಳ ಮುಖ್ಯ ಉದ್ದೇಶವಾಗಿತ್ತೆಂಬುದು ತಿಳಿಯುತ್ತದೆ.

ಕ್ರೀಡಾಮಂದಿರ ಮತ್ತು ಪೋಷಕರು

ಬ್ರೌಟನ್ ಅವರ ಸ್ವಂತ ಕ್ರೀಡಾಮಂದಿರವು 1743ರ ಮಾರ್ಚ್ ತಿಂಗಳಲ್ಲಿ ಆಕ್ಸ್‌ಫರ್ಡ್ ರಸ್ತೆಯ ಸಮೀಪದಲ್ಲಿ ಆರಂಭವಾಯಿತು. ಶ್ರೀಮಂತರು ಮತ್ತು ಗಣ್ಯರು ಚಂದಾ ಎತ್ತಿ ಇದಕ್ಕೆ ಬಂಡವಾಳ ಒದಗಿಸಿದರು. ಎತ್ತರದ ವೇದಿಕೆ, ಸುತ್ತಲೂ ಆಸನಗಳು ಮತ್ತು ಗ್ಯಾಲರಿಗಳಿದ್ದ ಈ ಮಂದಿರಕ್ಕೆ ಟೇಲರ್ ಅವರ ಕಣದ ಮಲ್ಲರೂ ಕ್ರಮೇಣ ಬಂದು ಸೇರಿದರು.

ಪೋಷಕರಲ್ಲಿ ಪ್ರಮುಖನಾದವನು ದೊರೆ ಎರಡನೆಯ ಜಾರ್ಜ್‌ನ ಪುತ್ರ, ಕಂಬರ್‌ಲ್ಯಾಂಡ್‌ನ ಡ್ಯೂಕ್ ವಿಲಿಯಂ. 1746ರ ಕಲೋಡನ್ ಯುದ್ಧದಲ್ಲಿ ಬ್ರಿಟಿಷ್ ಸೇನೆಯನ್ನು ನಡೆಸಿದವನು ಈತನೇ. ಇವನ ಬೆಂಬಲದಿಂದ ಬ್ರೌಟನ್ ಅವರಿಗೆ ಯೋಮನ್ ಆಫ್ ದ ಗಾರ್ಡ್ ಎಂಬ ರಾಜನ ಅಂಗರಕ್ಷಕ ಪಡೆಯಲ್ಲಿ ಸ್ಥಾನ ದೊರೆಯಿತು. ರಾಜಪುತ್ರನೇ ಪ್ರೇಕ್ಷಕನಾಗಿ ಬರುತ್ತಿದ್ದ ಮಂದಿರದ ಮೇಲೆ ಕ್ರಮ ಕೈಗೊಳ್ಳಲು ಅಧಿಕಾರಿಗಳು ಮುಂದಾಗಲಿಲ್ಲ. ಹೀಗೆ ಪೋಷಕನ ಹಣದ ಜೊತೆಗೆ ಅವನ ಸ್ಥಾನಬಲವೂ ಕ್ರೀಡೆಗೆ ಆಸರೆಯಾಗಿತ್ತು.

1743ರ ನಿಯಮಗಳು

1743ರ ಆಗಸ್ಟ್ 16ರಂದು ಕ್ರೀಡಾಮಂದಿರದಲ್ಲಿ ಸೇರಿದ ಗಣ್ಯರ ಒಪ್ಪಿಗೆಯೊಂದಿಗೆ ಏಳು ನಿಯಮಗಳು ಜಾರಿಗೆ ಬಂದವು. ಅವುಗಳ ಸಾರಾಂಶ ಹೀಗಿದೆ:

1. ವೇದಿಕೆಯ ನಡುವೆ ಒಂದು ಗಜದ ಚೌಕವನ್ನು ಸೀಮೆಸುಣ್ಣದಿಂದ ಬರೆಯಬೇಕು. ಪ್ರತಿ ಬಾರಿ ಬಿದ್ದು ಎದ್ದ ಮೇಲೂ ಮಲ್ಲರು ಈ ಚೌಕದ ಎದುರುಬದುರು ಅಂಚುಗಳಿಗೆ ಬಂದು ನಿಲ್ಲಬೇಕು.
2. ಬಿದ್ದ ಮಲ್ಲನನ್ನು ಅವನ ಸಹಾಯಕನು ಅರ್ಧ ನಿಮಿಷದೊಳಗೆ ಚೌಕದ ಅಂಚಿಗೆ ತರದಿದ್ದರೆ ಅವನು ಸೋತಂತೆ.
3. ಪ್ರಧಾನ ಪಂದ್ಯದಲ್ಲಿ ಮಲ್ಲರು ಮತ್ತು ಅವರ ಸಹಾಯಕರ ಹೊರತು ಬೇರೆ ಯಾರೂ ವೇದಿಕೆಯ ಮೇಲಿರಬಾರದು. ಕಿರುಪಂದ್ಯಗಳಲ್ಲಿ ಶಿಸ್ತು ಕಾಪಾಡಲು ಬ್ರೌಟನ್ ಅವರಿಗೆ ಮಾತ್ರ ಅವಕಾಶವಿದೆ.
4. ನಿಗದಿತ ಅವಧಿಯಲ್ಲಿ ಗೆರೆಗೆ ಬರದಿದ್ದಾಗ ಅಥವಾ ಸ್ವಂತ ಸಹಾಯಕನೇ ಸೋಲೊಪ್ಪಿದಾಗ ಮಾತ್ರ ಮಲ್ಲನು ಸೋತನೆಂದು ತೀರ್ಮಾನಿಸಬೇಕು.
5. ಕಿರುಪಂದ್ಯಗಳಲ್ಲಿ ಬಂದ ಹಣದ ಮೂರನೆಯ ಎರಡು ಭಾಗ ಗೆದ್ದವನಿಗೆ ಸೇರಬೇಕು. ಖಾಸಗಿ ಒಪ್ಪಂದ ಏನೇ ಇದ್ದರೂ ಹಣವನ್ನು ವೇದಿಕೆಯ ಮೇಲೆ ಎಲ್ಲರೆದುರು ಹಂಚಬೇಕು.
6. ಪ್ರಧಾನ ಪಂದ್ಯಗಳಲ್ಲಿ ಮಲ್ಲರು ನೆರೆದ ಗಣ್ಯರಿಂದ ಇಬ್ಬರು ತೀರ್ಪುಗಾರರನ್ನು ಆರಿಸಬೇಕು. ಅವರಲ್ಲಿ ಒಮ್ಮತ ಮೂಡದಿದ್ದರೆ ಅವರೇ ಮೂರನೆಯವರನ್ನು ಆರಿಸಬೇಕು.
7. ಕೆಳಗೆ ಬಿದ್ದವನನ್ನು ಹೊಡೆಯಬಾರದು. ಸೊಂಟದ ಕೆಳಗೆ ಹಿಡಿಯಬಾರದು. ಮೊಣಕಾಲೂರಿದವನನ್ನೂ ಬಿದ್ದವನೆಂದೇ ಪರಿಗಣಿಸಬೇಕು.

ಏಳನೆಯ ನಿಯಮವು ಮಲ್ಲನ ದೇಹವನ್ನು ರಕ್ಷಿಸಿದರೆ, ಐದನೆಯದು ಅವನ ಸಂಪಾದನೆಯನ್ನು ರಕ್ಷಿಸುತ್ತಿತ್ತು. ಸೋಲು ಗೆಲುವಿನ ಕ್ಷಣ ಖಚಿತವಾದದ್ದರಿಂದ ಪಣ ಕಟ್ಟುವವರ ಜಗಳಗಳಿಗೂ ಒಂದು ಪರಿಹಾರ ದೊರೆಯಿತು. ಆದರೆ ಈ ನಿಯಮಗಳ ಹಿಂದೆ ಕಾನೂನಿನ ಬಲವಿರಲಿಲ್ಲ. ಅವು ಒಂದು ಮಂದಿರದೊಳಗಿನ ಒಪ್ಪಂದವಾಗಿದ್ದವು.

ಗವಸುಗಳ ಬಳಕೆ

1747ರಲ್ಲಿ ಬ್ರೌಟನ್ ಹೇಮಾರ್ಕೆಟ್ ಪ್ರದೇಶದಲ್ಲಿ ಮುಷ್ಟಿಕಾಳಗದ ತರಬೇತಿ ಶಾಲೆಯನ್ನು ತೆರೆಯುವುದಾಗಿ ಜಾಹೀರಾತು ನೀಡಿದರು. ಕಲಿಯಲು ಬರುವ ಉಳ್ಳವರ ಕಣ್ಣು, ದವಡೆ ಮತ್ತು ಮೂಗಿಗೆ ಪೆಟ್ಟಾಗದಂತೆ ಮೆತ್ತನೆಯ ಗವಸುಗಳನ್ನು ಒದಗಿಸುವುದಾಗಿ ಅದರಲ್ಲಿ ಭರವಸೆ ನೀಡಲಾಗಿತ್ತು. ಈ ಗವಸುಗಳು ಅಭ್ಯಾಸಕ್ಕೆ ಮಾತ್ರ ಮೀಸಲಾಗಿದ್ದವು. ಪಣದ ಕಾಳಗಗಳು ಬರಿಗೈಯಲ್ಲಿಯೇ ಮುಂದುವರಿದವು. ಅದೇ ವರ್ಷ ಕ್ಯಾಪ್ಟನ್ ಜಾನ್ ಗಾಡ್‌ಫ್ರಿ ಆತ್ಮರಕ್ಷಣೆಯ ಕಲೆಯ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಬ್ರೌಟನ್ ಅವರನ್ನು ಮಲ್ಲರಲ್ಲಿ ಅಗ್ರಗಣ್ಯರೆಂದು ಪ್ರಶಂಸಿಸಲಾಗಿದೆ.

1750ರ ಸೋಲು

1750ರ ಏಪ್ರಿಲ್‌ನಲ್ಲಿ ನಾರ್ವಿಚ್ ನಗರದ ಕಟುಕ ಜ್ಯಾಕ್ ಸ್ಲ್ಯಾಕ್ ಅವರೊಡನೆ ಬ್ರೌಟನ್ ಸೆಣಸಿದರು. ಆಗ ಬ್ರೌಟನ್ ಅವರಿಗೆ ಸುಮಾರು 46 ವರ್ಷ. ಎದುರಾಳಿಯನ್ನು ಲಘುವಾಗಿ ಪರಿಗಣಿಸಿ ಅವರು ತಕ್ಕ ಸಿದ್ಧತೆ ಮಾಡಿಕೊಂಡಿರಲಿಲ್ಲ. ಆರಂಭದಲ್ಲಿ ಅವರದೇ ಮೇಲುಗೈಯಾಗಿತ್ತು. ಪಣಗಳೂ ಅವರ ಪರವಾಗಿಯೇ ಇದ್ದವು. ಅಷ್ಟರಲ್ಲಿ ಎರಡು ಕಣ್ಣುಗಳ ನಡುವೆ ಬಿದ್ದ ಹೊಡೆತದಿಂದ ಅವರ ಮುಖ ಊದಿಕೊಂಡು ದೃಷ್ಟಿ ಮುಚ್ಚಿಹೋಯಿತು. ಎದುರಾಳಿ ಕಾಣದೆ ತಡವರಿಸಿದ ಅವರು ಸುಮಾರು 14 ನಿಮಿಷಗಳಲ್ಲಿ ಸೋತರು.

ಈ ಪಂದ್ಯದಲ್ಲಿ ಕಂಬರ್‌ಲ್ಯಾಂಡ್‌ನ ಡ್ಯೂಕ್ 10,000 ಪೌಂಡುಗಳನ್ನು ಕಳೆದುಕೊಂಡನೆಂಬ ಪ್ರತೀತಿ ಇದೆ. ಬ್ರೌಟನ್ ಬೇಕೆಂದೇ ಸೋತರೆಂದು ಶಂಕಿಸಿದ ಅವನು ತನ್ನ ಬೆಂಬಲವನ್ನು ಹಿಂತೆಗೆದುಕೊಂಡನೆನ್ನಲಾಗಿದೆ. ಕ್ರೀಡಾಮಂದಿರವು ಮುಚ್ಚಿತು. ಬ್ರೌಟನ್ ಮತ್ತೆಂದೂ ಪಣದ ಕಾಳಗಕ್ಕೆ ಇಳಿಯಲಿಲ್ಲ.

ಕಾನೂನಿನ ನಿಲುವು

1750ರಲ್ಲಿ ಇಂಗ್ಲೆಂಡಿನ ಸಂಸತ್ತು ಮುಷ್ಟಿಕಾಳಗವನ್ನು ನಿಷೇಧಿಸಿತೆಂದು ಹಲವೆಡೆ ಬರೆಯಲಾಗಿದೆ. ವಾಸ್ತವದಲ್ಲಿ ಈ ಕ್ರೀಡೆಯನ್ನೇ ಹೆಸರಿಸಿದ ನಿಷೇಧ ಶಾಸನ ಇರಲಿಲ್ಲ. ಶಾಂತಿಭಂಗ, ದೊಂಬಿ ಮತ್ತು ಅಕ್ರಮ ಕೂಟಗಳಿಗೆ ಸಂಬಂಧಿಸಿದ ಸಾಮಾನ್ಯ ಕಾನೂನಿನ ಅಡಿಯಲ್ಲಿ ಮ್ಯಾಜಿಸ್ಟ್ರೇಟರು ಕಾಳಗಗಳನ್ನು ತಡೆಯಬಹುದಾಗಿತ್ತು. ಪ್ರಭಾವಿ ಪೋಷಕನಿದ್ದಾಗ ಬಳಕೆಯಾಗದ ಈ ಅಧಿಕಾರ, ಅವನು ದೂರವಾದಾಗ ಬಳಕೆಗೆ ಬರುತ್ತಿತ್ತು. ಮುಂದಿನ ದಶಕಗಳಲ್ಲಿ ಪಂದ್ಯಗಳು ಬಹುಮಟ್ಟಿಗೆ ನಗರದ ಹೊರವಲಯಕ್ಕೆ ಸರಿದವು. 1882ರಲ್ಲಿ ಕೋನಿ ಪ್ರಕರಣದ ತೀರ್ಪು, ಇಬ್ಬರೂ ಒಪ್ಪಿ ಸೆಣಸಿದರೂ ಪಣದ ಮುಷ್ಟಿಕಾಳಗವು ಅಪರಾಧವೇ ಎಂದು ಸ್ಪಷ್ಟಪಡಿಸಿತು.

ನಂತರದ ಜೀವನ ಮತ್ತು ನಿಧನ

ಪೋಷಕನ ಕೃಪೆ ತಪ್ಪಿದರೂ ಬ್ರೌಟನ್ ನಿರ್ಗತಿಕರಾಗಲಿಲ್ಲ. ಅಂಗರಕ್ಷಕ ಪಡೆಯ ಸ್ಥಾನವು ಅವರಿಗೆ ಉಳಿಯಿತು. ಹಳೆಯ ಪೀಠೋಪಕರಣ ಮತ್ತು ಪುರಾತನ ವಸ್ತುಗಳ ವ್ಯಾಪಾರದಲ್ಲಿ ಅವರು ತೊಡಗಿದರು. 1789ರ ಜನವರಿ 8ರಂದು ಲಂಡನ್ನಿನ ಲ್ಯಾಂಬೆತ್‌ನಲ್ಲಿ ನಿಧನರಾದಾಗ ಅವರು ಸುಮಾರು 7,000 ಪೌಂಡುಗಳ ಆಸ್ತಿಯನ್ನು ಬಿಟ್ಟುಹೋದರೆಂದು ತಿಳಿದುಬರುತ್ತದೆ. ಅವರ ಕೊನೆಯ ವರ್ಷಗಳಲ್ಲಿ ವೇಲ್ಸ್‌ನ ಯುವರಾಜನ ಪ್ರೋತ್ಸಾಹದಿಂದ ಮುಷ್ಟಿಕಾಳಗವು ಮತ್ತೆ ಚೇತರಿಸಿಕೊಂಡಿತ್ತು. 1788ರಲ್ಲಿ ಬ್ರೈಟನ್ ಪಟ್ಟಣದಲ್ಲಿ ತನ್ನೆದುರೇ ಒಬ್ಬ ಮಲ್ಲ ಸತ್ತುದನ್ನು ಕಂಡು ಆ ಯುವರಾಜನೂ ಹಿಂದೆ ಸರಿದನು.

ಪರಂಪರೆ

ಬ್ರೌಟನ್ ಅವರ ನಿಯಮಗಳು 1838ರಲ್ಲಿ ಲಂಡನ್ ಪ್ರೈಜ್ ರಿಂಗ್ ನಿಯಮಗಳು ಬರುವವರೆಗೆ ಮುಷ್ಟಿಕಾಳಗಕ್ಕೆ ಆಧಾರವಾಗಿದ್ದವು. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು ಗವಸುಗಳನ್ನು ಸ್ಪರ್ಧೆಯಲ್ಲಿಯೂ ಕಡ್ಡಾಯಗೊಳಿಸಿದವು. ಬ್ರಿಟನ್ನಿನಲ್ಲಿ ವೃತ್ತಿಪರ ಬಾಕ್ಸಿಂಗ್ ಕ್ರೀಡೆಯನ್ನು 1929ರಿಂದ ನಿಯಂತ್ರಿಸುತ್ತಿರುವ ಬ್ರಿಟಿಷ್ ಬಾಕ್ಸಿಂಗ್ ಬೋರ್ಡ್ ಆಫ್ ಕಂಟ್ರೋಲ್ ಕೂಡ ಸರ್ಕಾರದ ಇಲಾಖೆಯಲ್ಲ. ಕ್ರೀಡೆಯ ಒಳಗಿನವರೇ ಸ್ಥಾಪಿಸಿದ ಸಂಸ್ಥೆ. ಅಮೆರಿಕದ ನ್ಯೂಯಾರ್ಕ್ ರಾಜ್ಯವು ಇದಕ್ಕೆ ಭಿನ್ನವಾಗಿ, 1920ರ ವಾಕರ್ ಕಾಯಿದೆಯ ಮೂಲಕ ಬಾಕ್ಸಿಂಗ್ ಅನ್ನು ಸರ್ಕಾರಿ ಆಯೋಗದ ಅಧೀನಕ್ಕೆ ತಂದಿತು.

1990ರಲ್ಲಿ ಬ್ರೌಟನ್ ಅವರ ಹೆಸರನ್ನು ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪಶ್ಚಿಮ ಮೊಗಸಾಲೆಯಲ್ಲಿ ಅವರ ಹೆಸರಿನ ಶಿಲಾಫಲಕವಿದೆ. ಅದರಲ್ಲಿ ಅವರ ಅಂಗರಕ್ಷಕ ಪದವಿಯ ಉಲ್ಲೇಖ ಮೊದಲಿನಿಂದಲೂ ಇತ್ತು. ಮಲ್ಲರೆಂದು ಬರೆಯಲು ಅಂದಿನ ಚರ್ಚ್ ಅಧಿಕಾರಿ ಸಮ್ಮತಿಸದ ಕಾರಣ ಆ ಜಾಗವು ಖಾಲಿ ಉಳಿದಿತ್ತೆಂದು ಹೇಳಲಾಗುತ್ತದೆ. 1988ರಲ್ಲಿ, ಅವರ ಮರಣದ ಸುಮಾರು 200 ವರ್ಷಗಳ ಬಳಿಕ, ಇಂಗ್ಲೆಂಡಿನ ಅಗ್ರ ಮುಷ್ಟಿಮಲ್ಲರೆಂಬ ಉಲ್ಲೇಖವನ್ನು ಅಲ್ಲಿ ಕೆತ್ತಲಾಯಿತು.