ಮೊಸರು ನಂಬಿದ ಮೆಚ್ನಿಕಾಫ್

ಕಾಮರ್ಸ್ ಓದುವವನು ವಿಜ್ಞಾನಿಯ ಜೀವನ ಬರೆಯುತ್ತಾನೆಯೇ ಎಂದು ಕೂಟದ ಗೆಳೆಯರು ನಗಬಹುದು. ಕಾರಣ ಹೇಳಿಬಿಡುತ್ತೇನೆ. ಹೋದ ಮಳೆಗಾಲದಲ್ಲಿ ನನಗೆ ನೆಗಡಿ, ಕೆಮ್ಮು ಬಂತು. ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ಗುಳಿಗೆಗಳನ್ನು ಯಾರನ್ನೂ ಕೇಳದೆ ನುಂಗಿದೆ. ನೆಗಡಿ ತನ್ನ ಪಾಡಿಗೆ ತಾನು ಹೋಯಿತು. ಹೊಟ್ಟೆ ಮಾತ್ರ ಹತ್ತು ದಿನ ಕೆಟ್ಟಿತು. ಒಳಗಿನ ಒಳ್ಳೆಯ ಜೀವಾಣುಗಳನ್ನೂ ಕೊಂದುಕೊಂಡೆಯಲ್ಲೋ ಎಂದು ಡಾಕ್ಟರು ಬೈದರು. ಅವ್ವ ಏನೂ ಅನ್ನದೆ ಮಜ್ಜಿಗೆ ಅನ್ನ ಕಲಸಿ ಕೊಟ್ಟಳು.

ಒಳ್ಳೆಯ ಜೀವಾಣು! ವಾಡಿಯ ಕನ್ನಡ ಶಾಲೆಯಲ್ಲಿ ನಾನು ಓದಿದ್ದೆಲ್ಲ ರೋಗಾಣುಗಳ ವಿಷಯವೇ. ಇದೇನೆಂದು ಹುಡುಕುತ್ತ ಹೋದಾಗ ಸಿಕ್ಕವರು ಇಲ್ಯಾ ಮೆಚ್ನಿಕಾಫ್.

ಈಗಿನ ಉಕ್ರೇನಿನ ಖಾರ್ಕಿವ್ ಹತ್ತಿರದ ಹಳ್ಳಿಯಲ್ಲಿ 1845ರಲ್ಲಿ ಹುಟ್ಟಿದ ಇವರು, ನಾಲ್ಕು ವರ್ಷದ ಪದವಿಯನ್ನು ಎರಡೇ ವರ್ಷದಲ್ಲಿ ಮುಗಿಸಿದರು. ಬುದ್ಧಿ ಚುರುಕು, ಮನಸ್ಸು ಬಹಳ ಮೆತ್ತಗೆ. 1869ರಲ್ಲಿ ಮದುವೆಯಾದಾಗ ವಧು ಲುದ್ಮಿಲಾ ಕ್ಷಯದಿಂದ ಎಷ್ಟು ಬಳಲಿದ್ದರೆಂದರೆ, ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತೊಯ್ಯಬೇಕಾಯಿತು. 1873ರಲ್ಲಿ ಆಕೆ ತೀರಿಕೊಂಡಾಗ ಇವರು ಜೀವ ಕಳೆದುಕೊಳ್ಳಲು ಹೋಗಿ ಹೇಗೋ ಉಳಿದರು. ಎರಡನೆಯ ಹೆಂಡತಿ ಓಲ್ಗಾ ಟೈಫಾಯಿಡ್‌ನಿಂದ ಎದ್ದ ಮೇಲೆ ಮತ್ತೆ ನಿರಾಶೆ ಕವಿಯಿತು. ರೋಗಿಯ ರಕ್ತವನ್ನು ಚುಚ್ಚಿಕೊಂಡು ಜ್ವರ ಬರಿಸಿಕೊಂಡರು. ಆಗಲೂ ಉಳಿದರು. ಎರಡು ಸಲ ಸಾವನ್ನು ಕರೆದ ಈ ಮನುಷ್ಯರೇ ಮುಂದೆ ದೀರ್ಘಾಯುಷ್ಯದ ಗುಟ್ಟು ಹುಡುಕಲು ಹೊರಟದ್ದು!

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ ಇಟ್ಟರು. ಬೆಳಗಾಗುವಷ್ಟರಲ್ಲಿ ಅದರ ಮೈಯ ಕೋಶಗಳು ಓಡಿಬಂದು ಮುಳ್ಳನ್ನು ಮುತ್ತಿದ್ದವು. ಹೊರಗಿನಿಂದ ಬಂದವರನ್ನು ನುಂಗುವ ಕಾವಲುಗಾರರು ದೇಹದಲ್ಲಿದ್ದಾರೆಂದು ಹೀಗೆ ಗೊತ್ತಾಯಿತು. ಇದಕ್ಕೇ 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಂತು. 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ ಮೊದಲು ತಮಗೇ ಚುಚ್ಚಿಕೊಂಡ ಹಾಫ್ಕಿನ್, ಇವರ ಶಿಷ್ಯರೇ.

1888ರಿಂದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ನೆಲೆಸಿದ ಮೆಚ್ನಿಕಾಫರಿಗೆ ಮುಪ್ಪಿನ ಚಿಂತೆ ಹತ್ತಿತು. ದೊಡ್ಡ ಕರುಳಿನ ಜೀವಾಣುಗಳು ಆಹಾರವನ್ನು ಕೊಳೆಯಿಸಿ ವಿಷ ಮಾಡುತ್ತವೆ, ಆ ವಿಷವೇ ಮುಪ್ಪು ತರುತ್ತದೆ ಎಂದು ಅವರು ನಂಬಿದರು. ಬಲ್ಗೇರಿಯದ ಹಳ್ಳಿಗರು ಮೊಸರುಂಡು ಬಹುಕಾಲ ಬಾಳುತ್ತಾರೆಂದು ಕೇಳಿ, ಮೊಸರಿನ ಹುಳಿ ಕೊಳೆಯುವುದನ್ನು ತಡೆಯುತ್ತದೆಂದು ಲೆಕ್ಕ ಹಾಕಿದರು. ತಾವೂ ದಿನಾ ಹುಳಿಹಾಲು ಕುಡಿದರು. ಯುರೋಪಿನಲ್ಲಿ ಮೊಸರಿಗೆ ದೊಡ್ಡ ಗಿರಾಕಿ ಎದ್ದಿತು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮೊಸರಿನ ಜೀವಾಣುಗಳನ್ನು ಜಮಾ ಕಡೆಗೂ ಕರುಳಿನಲ್ಲೇ ಇರುವ ಬಹುಪಾಲನ್ನು ಖರ್ಚಿನ ಕಡೆಗೂ ಬರೆದುಬಿಟ್ಟರು. ಅಲ್ಲೇ ಲೆಕ್ಕ ತಪ್ಪಿತು. 2016ರ ಒಂದು ಅಂದಾಜಿನಂತೆ ನಮ್ಮೊಳಗೆ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ. ನಮ್ಮ ಸ್ವಂತ ಕೋಶಗಳು ಸುಮಾರು 30 ಲಕ್ಷ ಕೋಟಿ. ಬಹುಪಾಲು ಬ್ಯಾಕ್ಟೀರಿಯಗಳು ದೊಡ್ಡ ಕರುಳಿನಲ್ಲೇ ಇರುತ್ತವೆ. ರೊಟ್ಟಿ, ಕಾಳು, ಸೊಪ್ಪಿನಲ್ಲಿ ನಮಗೆ ಜೀರ್ಣವಾಗದ ನಾರನ್ನು ಅವು ಹುದುಗಿಸಿ ಕರುಳಿನ ಗೋಡೆಗೇ ಆಹಾರ ಮಾಡಿಕೊಡುತ್ತವೆ. ಕೆ ವಿಟಮಿನ್ ತಯಾರಿಸುತ್ತವೆ. ಕೆಟ್ಟ ರೋಗಾಣುಗಳಿಗೆ ಜಾಗ ಬಿಡುವುದಿಲ್ಲ. ಮೊಸರಿನ ಜೀವಾಣುಗಳಾದರೋ ಹೆಚ್ಚಾಗಿ ಅಲ್ಲಿ ನೆಲೆಸುವುದಿಲ್ಲ, ನೆಂಟರಂತೆ ಬಂದು ಹೋಗುತ್ತವೆ. ಮೊಸರು ಒಳ್ಳೆಯ ಊಟ ನಿಜ, ಅಮೃತವಲ್ಲ.

ಮೆಚ್ನಿಕಾಫ್ 1916ರಲ್ಲಿ, 71ನೇ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ನೂರು ವರ್ಷ ಅವರಿಗೂ ದಕ್ಕಲಿಲ್ಲ. ಆದರೂ ನಮ್ಮ ಆರೋಗ್ಯದ ಕೀಲಿ ಹೊಟ್ಟೆಯೊಳಗಿನ ಕಣ್ಣಿಗೆ ಕಾಣದ ಜೀವಿಗಳ ಹತ್ತಿರವೂ ಇದೆಯೆಂದು ಅಷ್ಟು ಗಟ್ಟಿಯಾಗಿ ಲೋಕಕ್ಕೆ ಹೇಳಿದವರು ಅವರು. ನಮ್ಮ ದೌಂಡದಿಂದ ರೈಲು ಹತ್ತಿದರೆ ಸಿಗುವ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲೂ ಭಾರತೀಯರ ಕರುಳಿನ ಸೂಕ್ಷ್ಮಜೀವಿಗಳ ಅಧ್ಯಯನ ನಡೆದಿದೆ.

ಅಪ್ಪನಿಗೆ ವಾಡಿಯಿಂದ ದೌಂಡಕ್ಕೆ ವರ್ಗವಾದಾಗ ಅವ್ವ ಸಣ್ಣ ಡಬ್ಬಿಯಲ್ಲಿ ಹೆಪ್ಪು ತಂದಿದ್ದಳು. ದೌಂಡದಲ್ಲಿ ಮೊಸರು ಸಿಗುವುದಿಲ್ಲವೇನೆಂದು ನಾನು ಆಗ ನಕ್ಕಿದ್ದೆ. ಈಗ ನಗುವುದಿಲ್ಲ. ಉಳಿದ ಗುಳಿಗೆಗಳನ್ನು ಕೇಳದೆ ನುಂಗುವುದನ್ನೂ ಬಿಟ್ಟಿದ್ದೇನೆ. ಗೆಳೆಯರೇ, ನೀವೂ ಬಿಡಿ.