ಲೂಯಿ ಪಾಶ್ಚರನೂ ಆತನ ಪತ್ನಿಯೂ

ಹುಚ್ಚುನಾಯಿ ಕಡಿದವರಿಗೆ ಹಾಕುವ ಸೂಜಿಮದ್ದನ್ನು ಕಂಡುಹಿಡಿದ ಲೂಯಿ ಪಾಶ್ಚರನ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರುವರು. ಆದರೆ 1885ರಲ್ಲಿ ಆ ಮದ್ದನ್ನು ಮೊದಲು ಒಬ್ಬ ಹುಡುಗನಿಗೆ ಕೊಡಿಸಿದಾಗ ಆತನು ಎಡಗಾಲನ್ನು ಎಳೆದು ನಡೆಯುವವನೂ ಎಡಗೈ ಮುದುಡಿದವನೂ ಆಗಿದ್ದನೆಂಬುದು ಎಲ್ಲರಿಗೂ ತಿಳಿದದ್ದಲ್ಲ. ಅದಕ್ಕೆ ಹದಿನೇಳು ವರುಷ ಮುಂಚೆಯೇ ಪಾರ್ಶ್ವವಾಯು ಆತನನ್ನು ಹಾಸಿಗೆಗೆ ಕೆಡವಿತ್ತು.

ಪಾಶ್ಚರನು 1822ರಲ್ಲಿ ಫ್ರಾನ್ಸ್ ದೇಶದ ದೋಲ್ ಎಂಬ ಊರಿನಲ್ಲಿ ತೊಗಲು ಹದಮಾಡುವವನ ಮಗನಾಗಿ ಹುಟ್ಟಿದನು. 1849ರಲ್ಲಿ ಮಾರೀ ಲೊರಾಂ ಎಂಬಾಕೆಯನ್ನು ಮದುವೆಯಾದನು. ಇವರಿಗೆ ಹುಟ್ಟಿದ ಐವರು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು 1859, 1865, 1866ನೇ ಇಸವಿಗಳಲ್ಲಿ ತೀರಿಹೋದರು. ಆ ದುಃಖ ಆರುವ ಮೊದಲೇ ಈ ವ್ಯಾಧಿಯೂ ಆ ಮನೆಯನ್ನು ಹೊಕ್ಕಿತು.

1868ನೇ ಅಕ್ಟೋಬರ್ 19ರ ಬೆಳಿಗ್ಗೆ ಪಾಶ್ಚರನ ಎಡಮೈಯಲ್ಲಿ ಜುಮ್ಮೆನ್ನಿಸಿತು. ಊಟವಾದ ಮೇಲೆ ಮೈ ನಡುಗಿತು. ಆದಾಗ್ಯೂ ಆತನು ವಿದ್ವತ್ಸಭೆಗೆ ಹೋಗಿಯೇ ತೀರುವೆನೆಂದು ಹಟಹಿಡಿದನು. ಮಾರೀಯು ಏನೋ ನೆವ ಹೇಳಿ ಸಭೆಯ ಬಾಗಿಲ ತನಕ ಜೊತೆಗೆ ಬಂದು, ಹಿಂದಿರುಗುವಾಗ ಆತನನ್ನು ಒಂಟಿಯಾಗಿ ಬಿಡಬಾರದೆಂದು ಬಲಾರ್ ಎಂಬ ಹಿರಿಯ ಸ್ನೇಹಿತನಿಗೆ ಹೇಳಿಟ್ಟು ಹೋದಳು. ಆ ರಾತ್ರಿಯೇ ಎಡಗೈ ಎಡಗಾಲು ಬಿದ್ದುಹೋದವು. ಆಗಿನ ವೈದ್ಯರು ಕಿವಿಯ ಹಿಂದೆ ಹದಿನಾರು ಜಿಗಣೆಗಳನ್ನು ಹಚ್ಚಿದರು. ಅದು ಇದಕ್ಕೆ ಮದ್ದಲ್ಲವೆಂದು ಈಗ ತಿಳಿದಿದೆ. ಮುಖ ಸೊಟ್ಟಗಾಗುವುದು, ಕೈ ಬಲಗುಂದುವುದು, ಮಾತು ತೊದಲುವುದು ಇವುಗಳನ್ನು ಕಂಡೊಡನೆ ನಾವು ಹೊತ್ತು ಕಳೆಯದೆ ದೊಡ್ಡ ಆಸ್ಪತ್ರೆಗೆ ಓಡತಕ್ಕದ್ದು; ಯಾಕಂದರೆ ರಕ್ತದ ಹೆಪ್ಪನ್ನು ಕರಗಿಸುವ ಮದ್ದನ್ನು ಸಾಧಾರಣವಾಗಿ ನಾಲ್ಕೂವರೆ ತಾಸಿನೊಳಗೇ ಕೊಡಬೇಕಾಗಿದೆ.

ಪಾಶ್ಚರನಿಗೆ ಆಗ ನಲವತ್ತೈದು ವರುಷ. ಪ್ರಿಯ ವಾಚಕರೇ, ಮಾರೀಯು ಮಾಡಿದ ಒಂದು ಕಾರ್ಯವನ್ನು ಇಲ್ಲಿ ಗಮನಿಸಿರಿ. ಗಂಡನ ಸೇವೆಯು ಹೆಂಡತಿಯೊಬ್ಬಳದೇ, ಇತರರು ರೋಗಿಯ ಕೋಣೆಗೆ ಬಂದರೆ ತನ್ನ ಮಾನಕ್ಕೆ ಕುಂದೆಂದು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಹೆಂಗಸರು ನೆನಸುತ್ತಾರೆ. ಹೀಗೆ ನಿದ್ರೆ ಕೆಟ್ಟು, ಊಟ ಬಿಟ್ಟು, ಕೊನೆಗೆ ತಾವೂ ಹಾಸಿಗೆ ಹಿಡಿಯುತ್ತಾರೆ. ಮಾರೀಯು ಹಾಗೆ ಮಾಡಲಿಲ್ಲ. ಗಂಡನ ಶಿಷ್ಯರಾದ ಜೆರ್ನೇ, ದುಕ್ಲೋ, ರೋಲಾಂ ಮೊದಲಾದವರೂ ಗೆಳೆಯರೂ ಸರದಿಯಂತೆ ಕಾವಲು ಕೂತುಕೊಳ್ಳುವುದಕ್ಕೆ ಆಕೆ ಎಡೆಗೊಟ್ಟಳು. ಮುಂದಿನ ಇಪ್ಪತ್ತೇಳು ವರುಷಗಳ ಆರೈಕೆಗೆ ಬೇಕಾದ ಬಲವು ಆ ಮೊದಲ ರಾತ್ರಿಗಳಲ್ಲಿಯೇ ಮುಗಿದುಹೋಗದಂತೆ ಇದು ಕಾಪಾಡಿತೆಂದು ನಾನು ಎಣಿಸುತ್ತೇನೆ.

ಆತನು ಇನ್ನು ಬದುಕುವುದಿಲ್ಲವೆಂದು ಎಣಿಸಿ ಆತನಿಗಾಗಿ ಕಟ್ಟುತ್ತಿದ್ದ ಪ್ರಯೋಗಶಾಲೆಯ ಕೆಲಸವನ್ನು ನಿಲ್ಲಿಸಿದರು. ಅದನ್ನು ತಿಳಿದು ರೋಗಿಯು ಬಹಳವಾಗಿ ನೊಂದುಕೊಂಡನು; ಸಂಗತಿಯು ದೊರೆಯ ಕಿವಿಗೆ ಬಿದ್ದ ಮೇಲೆ ಕೆಲಸವು ಮತ್ತೆ ಸಾಗಿತು.

ಮಲಗಿದ್ದವನಿಂದ ಕೆಲಸವನ್ನು ಕಸಿದುಕೊಳ್ಳಲಿಲ್ಲವೆಂಬುದು ಇನ್ನೊಂದು ಸಂಗತಿ. ವಾರ ಕಳೆಯುವಷ್ಟರಲ್ಲಿಯೇ ಆತನು ರೇಷ್ಮೆಹುಳುಗಳ ರೋಗದ ವಿಷಯವಾಗಿ ಹಾಸಿಗೆಯಿಂದಲೇ ಹೇಳಿ ಬರೆಯಿಸಿದನು. ಮೂರು ತಿಂಗಳು ತುಂಬುವುದರೊಳಗೆ, 1869ರ ಜನವರಿಯಲ್ಲಿ, ಹೆಂಡತಿಯೂ ಮಗಳೂ ಆತನನ್ನು ಬಂಡಿಯಲ್ಲಿ ಮಲಗಿಸಿಕೊಂಡು ರೇಷ್ಮೆ ಬೆಳೆಯುವ ತೆಂಕಣ ಸೀಮೆಗೆ ಹೊರಟರು. ಅಲ್ಲಿ ಆತನು ಕಲ್ಲುನೆಲದ ಮೇಲೆ ಬಿದ್ದನು. ಮೂಳೆ ಮುರಿಯಲಿಲ್ಲ. ಬಿದ್ದನೆಂದು ಹೆದರಿ ಅವರು ಮನೆಗೆ ಮರಳಲೂ ಇಲ್ಲ. ಹುಳುಗಳನ್ನು ಸಾಕುವ, ಮೊಟ್ಟೆಗಳನ್ನು ಆರಿಸುವ ಕೆಲಸವನ್ನು ಮಾರೀಯೂ ಮಗಳೂ ಮುಂಚೆಯೇ ಕಲಿತಿದ್ದರು. ಆತನು ಹೇಳಿದ ಪುಸ್ತಕವನ್ನು ಮಾರೀಯು ಬರೆದುಕೊಂಡಳು. ಆ ಪುಸ್ತಕವು 1870ರಲ್ಲಿ ಪ್ರಕಟವಾಯಿತು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟುರೋಗದ ಕಣಗಳು ಕಂಡರೆ ಮೊಟ್ಟೆಗಳನ್ನು ನಾಶಮಾಡುವ ಆತನ ಕ್ರಮವು ಕರ್ನಾಟಕದ ರೇಷ್ಮೆ ಬಿತ್ತನೆ ಕೇಂದ್ರಗಳಲ್ಲಿ ಇಂದಿಗೂ ನಡೆಯುತ್ತಿದೆ.

1887ರ ಅಕ್ಟೋಬರಿನಲ್ಲಿ ಮಾರೀಯೊಡನೆ ಮಾತಾಡಬೇಕೆಂದು ಬಾಯಿತೆರೆದ ಪಾಶ್ಚರನಿಗೆ ನಾಲಿಗೆ ಹೊರಳಲಿಲ್ಲ. ಮಾತು ತಿರುಗಿ ಬಂದರೂ ಸ್ವರವು ಕುಗ್ಗಿತು. ಪುನಃ ಅದೇ ಆರೈಕೆ. 1895ನೇ ಸೆಪ್ಟೆಂಬರ್ 28ರಂದು ಆತನು ಪ್ರಾಣಬಿಟ್ಟಾಗ ಆತನ ಒಂದು ಕೈಯು ಆಕೆಯ ಕೈಯಲ್ಲಿತ್ತು. ಹದಿನೈದು ವರುಷಗಳಾದ ಮೇಲೆ, 1910ರಲ್ಲಿ, ಅದೇ ತಾರೀಖಿನಂದು ಮಾರೀಯೂ ತೀರಿಕೊಂಡಳು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ನೆಲಮನೆಯಲ್ಲಿ ಆಕೆಯನ್ನು ಗಂಡನ ಬಳಿಯಲ್ಲಿ ಇಟ್ಟಿದ್ದಾರೆ.